ಬೇವಿನ ಮರಕ್ಕೆ ಕಟ್ಟಿದ ಹಳಿ

ನನ್ನನ್ನು ಎಲ್ಲರೂ ಗಂಟೆ ಅಂದರು. ನಾನು ಗಂಟೆಯಲ್ಲ, ರೈಲು ಹಳಿಯ ಒಂದು ತುಂಡು, ಎರಡು ಮೊಳ ಉದ್ದ. ಹುಟ್ಟಿದ್ದು ಇಂಗ್ಲೆಂಡಿನ ಒಂದು ಕುಲುಮೆಯಲ್ಲಿ. ಕೆಂಪಗೆ ಕಾದು, ಉರುಳೆಗಳ ನಡುವೆ ನುಗ್ಗಿ, ಉದ್ದಕ್ಕೆ ಚಾಚಿಕೊಂಡು ತಣ್ಣಗಾದಾಗ ನನಗೆ ವಿಪರೀತ ಹೆಮ್ಮೆ. ಜಗತ್ತನ್ನೇ ಹೊರುವವನು ನಾನು ಅಂದುಕೊಂಡಿದ್ದೆ. ಎಳೆಯ ಕಬ್ಬಿಣಕ್ಕೆ ಬುದ್ಧಿ ಎಲ್ಲಿಂದ ಬರಬೇಕು?

ಹಡಗು ಹತ್ತಿ ಗೋವೆಯ ಬಂದರಿಗೆ ಬಂದೆ. ಘಟ್ಟ ಹತ್ತಿಸಿ ಧಾರವಾಡ ಸೀಮೆಯ ಕಪ್ಪು ನೆಲದಲ್ಲಿ ನನ್ನನ್ನು ಮಲಗಿಸಿದರು. ಪಕ್ಕದ ದಾರಿಯಲ್ಲಿ ಎತ್ತುಗಳ ಸಾಲು ನಡೆಯುತ್ತಿತ್ತು. ಬೆನ್ನ ಮೇಲೆ ಉಪ್ಪಿನ ಹೇರು, ಕೊರಳಲ್ಲಿ ಗೆಜ್ಜೆ, ಹಿಂದೆ ಹೆಂಗಸರು, ಮಕ್ಕಳು, ಅವರ ಮಾತು, ನಗೆ. ಕರಾವಳಿಯ ಉಪ್ಪನ್ನು ಬಯಲುಸೀಮೆಯ ಊರೂರಿಗೆ ಮುಟ್ಟಿಸುವುದು ಆ ಜನರ ಕಸುಬು. ನನ್ನ ಮೇಲೆ ಗಾಡಿ ಓಡತೊಡಗಿದ್ದೇ ತಡ, ಉಪ್ಪು ರೈಲು ಹತ್ತಿತು. ಎತ್ತಿನ ಸಾಲು ವರ್ಷವರ್ಷಕ್ಕೆ ಚಿಕ್ಕದಾಗುತ್ತ ಹೋಗಿ, ಒಂದು ವರ್ಷ ಬರಲೇ ಇಲ್ಲ.

ಕಸುಬು ಕಳೆದುಕೊಂಡವರು ಬುಟ್ಟಿ ಹೆಣೆಯುತ್ತ ಊರೂರು ಅಲೆದರು. ಅಲೆಯುವವರನ್ನು ಕಂಡರೆ ಸರಕಾರಕ್ಕೆ ಆಗದು. ಇವರು ಹುಟ್ಟಾ ಕಳ್ಳರು ಎಂದು ಕಾನೂನನ್ನೇ ಮಾಡಿತು. ಊರ ಹೊರಗೆ ಮುಳ್ಳುತಂತಿಯ ಬೇಲಿ ಹಾಕಿ, ಒಳಗೆ ಗುಡಿಸಲು ಕಟ್ಟಿಸಿ, ಅವರನ್ನು ಕೂಡಿಹಾಕಿತು. ಅದಕ್ಕೆ ಸೆಟ್ಲಮೆಂಟ್ ಅಂತ ಹೆಸರು. ಅಷ್ಟರಲ್ಲಿ ನಾನೂ ಸವೆದಿದ್ದೆ. ನನ್ನನ್ನು ಕಿತ್ತು, ತುಂಡು ಮಾಡಿ, ಅಲ್ಲಿಯೇ ಬೇವಿನ ಟೊಂಗೆಗೆ ಸರಪಳಿಯಿಂದ ಕಟ್ಟಿದರು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನನ್ನನ್ನು ಬಾರಿಸುವುದು. ಬಾರಿಸಿದ ಕೂಡಲೇ ಎಲ್ಲರೂ ಬಂದು ಸಾಲಾಗಿ ಕುಕ್ಕುರುಗಾಲಲ್ಲಿ ಕೂತು, ಹೆಸರು ಕೂಗಿದಾಗ ‘ಹಾಜರ್’ ಅನ್ನಬೇಕು. ತಪ್ಪಿದವರಿಗೆ ಜೈಲು.

ಬಾರಿಸುವ ಕೆಲಸ ಭರಮಪ್ಪನದು. ಅವನೂ ಬೇಲಿಯೊಳಗಿನವನೇ, ಗಟ್ಟಿ ರಟ್ಟೆಯವನೆಂದು ಸುತ್ತಿಗೆ ಅವನ ಕೈಗೆ ಕೊಟ್ಟಿದ್ದರು. ಅವನ ಅಜ್ಜ ಉಪ್ಪಿನ ಎತ್ತು ಹೊಡೆದುಕೊಂಡು ನನ್ನ ಪಕ್ಕದಲ್ಲೇ ನಡೆದಿದ್ದವನು. ಅದು ಭರಮಪ್ಪನಿಗೆ ಗೊತ್ತಿರಲಿಲ್ಲ. ನನಗೆ ಬಾಯಿದ್ದರೂ ಯಾವ ಮುಖ ಇಟ್ಟುಕೊಂಡು ಹೇಳುತ್ತಿದ್ದೆನೋ.

ಮದುವೆಯಾಗಿ ಒಂಬತ್ತು ವರ್ಷಕ್ಕೆ ಅವನ ಹೆಂಡತಿ ಹುಲಿಗೆವ್ವ ಬಸಿರಾದಳು. ಅವರ ಗುಡಿಸಲು ನನ್ನಿಂದ ಮೂವತ್ತು ಹೆಜ್ಜೆ. ಅವಳು ನೀರು ತರಲು ಹೊರಟರೆ ಭರಮಪ್ಪ ಕೊಡ ಕಸಿದುಕೊಳ್ಳುವುದು, ಅವಳು ಬೈಯುವುದು, ಎಲ್ಲ ನನಗೆ ಕಾಣುತ್ತಿತ್ತು.

ಆ ಮನೆತನಗಳಲ್ಲಿ ಒಂದು ಪದ್ಧತಿ. ಹೆಂಡತಿ ಹಡೆದ ಕೂಡಲೇ ಗಂಡ ಅವಳ ಸೀರೆ ಹೊದ್ದು ಕೂಸಿನ ಪಕ್ಕ ಮಲಗಬೇಕು. ಇಂಗು, ಬೆಲ್ಲ ಮೊದಲು ಅವನ ಬಾಯಿಗೆ. ಮೂರು ದಿನ ಕೂಸಿನ ಜೀವ ಅಪ್ಪನ ಮೈಗೆ ಅಂಟಿಕೊಂಡಿರುತ್ತದೆ, ಅವನು ಹೊಸ್ತಿಲು ದಾಟಿದರೆ ಅದೂ ದಾಟುತ್ತದೆ ಎಂದು ನಂಬಿಕೆ. ಹೊರಗಿನವರು ಕೇಳಿದರೆ ನಗುತ್ತಾರೆ. ಮೊದಮೊದಲು ನಾನೂ ನಕ್ಕಿದ್ದೆ. ಯಾರಾದರೂ ಹಾಗೆ ಮಲಗಿದರೆ ಹಾಜರಿ ಗುಮಾಸ್ತ ಗುಂಡೋಪಂತ ಗುಡಿಸಲಿಗೇ ಹೋಗಿ ಇಣುಕಿ, ಪುಸ್ತಕದಲ್ಲಿ ‘ಜ್ವರ’ ಎಂದು ಬರೆದುಕೊಳ್ಳುತ್ತಿದ್ದ. ಕೆಟ್ಟ ಮನುಷ್ಯನಲ್ಲ.

ಹುಲಿಗೆವ್ವ ಹಡೆದದ್ದು ಒಂದು ಮಧ್ಯಾಹ್ನ. ಗಂಡು ಕೂಸು. ಭರಮಪ್ಪ ಸೀರೆ ಹೊದ್ದು ಮಲಗಿದ. ಅದೇ ಸಂಜೆ ದೊಡ್ಡ ಸಾಹೇಬ ತಪಾಸಣೆಗೆ ಬಂದ.

ಗುಂಡೋಪಂತ ಗುಡಿಸಲ ಬಾಗಿಲಿಗೆ ಓಡಿದ. “ಭರಮಪ್ಪಾ, ಹೊತ್ತಾತು. ಸಾಹೇಬರು ಬಂದು ಕುರ್ಚಿ ಮ್ಯಾಲೆ ಕೂತಾರ.”

“ನಾ ಮಲಗೇನ್ರಿ ಯಪ್ಪಾ. ಬ್ಯಾರೆ ಯಾರ ಕಡಿಂದರ ಬಾರಸ್ರಿ.”

“ಸುತ್ತಿಗಿ ನಿನ್ನ ಹೆಸರಿಗೆ ಅದ. ಸಾಹೇಬರ ಮುಂದ ಜ್ವರ ಅಂತ ಬರೀಲಿಕ್ಕೆ ಬರೂದಿಲ್ಲ. ಇವತ್ತ ನೀ ಕಾಣಲಿಲ್ಲಂದ್ರ ಪರಾರಿ ಅಂತ ಬರಸ್ತಾರ. ವರ್ಷಗಟ್ಟಲೆ ಜೈಲು. ಆಮ್ಯಾಲೆ ಕೂಸಿನ ಮಾರಿ ಯಾವಾಗ ನೋಡ್ತಿ?”

ಒಳಗಿನಿಂದ ಹುಲಿಗೆವ್ವನ ಸಣ್ಣ ದನಿ ಕೇಳಿತು. “ಹೋಗಬ್ಯಾಡ. ಒಂಬತ್ತು ವರ್ಷಕ್ಕ ಬಂದೈತಿ.”

ಆಮೇಲೆ ಭರಮಪ್ಪ ಹೊರಗೆ ಬಂದ. ಹೆಂಡತಿಯ ಸೀರೆ ಇನ್ನೂ ಹೆಗಲ ಮೇಲಿತ್ತು. ಅದನ್ನು ನೋಡಿ ಸಾಹೇಬ ನಕ್ಕ. ಭರಮಪ್ಪ ನನಗೆ ಎಷ್ಟು ಪೆಟ್ಟು ಹಾಕಬೇಕೋ ಅಷ್ಟು ಹಾಕಿ, ಸಾಲಿನಲ್ಲಿ ಕೂತು, ಹೆಸರು ಕೂಗಿದಾಗ ಹಾಜರ್ ಅಂದ.

ಮೂರನೆಯ ದಿನ ಕೂಸು ಮೊಲೆ ಬಿಟ್ಟಿತು. ಸಂಜೆಗೆ ಸತ್ತಿತು. ಆ ವರ್ಷ ಸೆಟ್ಲಮೆಂಟಿನಲ್ಲಿ ಏಳು ಕೂಸು ಸತ್ತಿದ್ದವು, ಮೂರು ದಿನ ಅಲುಗದೆ ಮಲಗಿದ ಅಪ್ಪಂದಿರ ಕೂಸುಗಳೂ ಅದರಲ್ಲಿದ್ದವು. ಬಾವಿಯ ನೀರು ಕೆಟ್ಟಿತ್ತು. ಅದನ್ನು ಭರಮಪ್ಪನಿಗೆ ಯಾರೂ ಹೇಳಲಿಲ್ಲ, ಹೇಳಿದ್ದರೂ ಅವನು ಕೇಳುವ ಸ್ಥಿತಿಯಲ್ಲಿರಲಿಲ್ಲ. ಮರುದಿನ ಬೆಳಿಗ್ಗೆ ಸುತ್ತಿಗೆ ಹಿಡಿದು ನನ್ನೆದುರು ನಿಂತು, “ನನ್ನ ಕಾಲಿಲೆ ನಾನ ಅದನ್ನ ಹೊರಗ ಕರಕೊಂಡು ಬಂದೆ” ಅಂದ. ಸಾಹೇಬನನ್ನು ಬೈಯಲಿಲ್ಲ. ಗುಂಡೋಪಂತನನ್ನೂ ಬೈಯಲಿಲ್ಲ. ಹುಲಿಗೆವ್ವ ಅವನಿಗೆ ಒಂದು ಮಾತೂ ಆಡಿ ತೋರಿಸಲಿಲ್ಲ, ಅದು ಅವನಿಗೆ ಇನ್ನೂ ಕಷ್ಟವಾಯಿತು. ಅವರಿಗೆ ಮತ್ತೆ ಮಕ್ಕಳಾಗಲಿಲ್ಲ.

ಆಮೇಲೂ ಹನ್ನೊಂದು ವರ್ಷ ಅವನು ನನ್ನನ್ನು ಬಾರಿಸಿದ. ನಡುವೆ ದೇಶಕ್ಕೆ ಸ್ವಾತಂತ್ರ್ಯ ಬಂತು. ಬೇಲಿಯೊಳಗೂ ಬಾವುಟ ಏರಿಸಿದರು. ಮೊದಲು ಹಾಜರಿ ತೆಗೆದುಕೊಂಡು ಆಮೇಲೆ ಪೇಢೆ ಹಂಚಿದರು. ಸಂಜೆ ಮತ್ತೆ ಹಾಜರಿ. ಸಾಹೇಬನ ಕುರ್ಚಿಯಲ್ಲಿ ಖಾದಿ ಟೊಪ್ಪಿಗೆಯವರು ಕೂತರು, ಕುಕ್ಕುರುಗಾಲಲ್ಲಿ ಕೂತವರು ಹಾಗೇ ಕೂತಿದ್ದರು.

ಬಾವುಟ ಏರಿಸಿದ ಎರಡು ವರ್ಷಕ್ಕೆ ಆ ಕಾನೂನು ರದ್ದಾಯಿತು. ಆ ಸುದ್ದಿ ಹೇಳುವುದಕ್ಕೂ ಜನರನ್ನು ಸೇರಿಸಬೇಕಲ್ಲ, ನನ್ನನ್ನೇ ಬಾರಿಸಿದರು. ಎಲ್ಲರೂ ಓಡಿ ಬಂದು ಸಾಲಾಗಿ ಕೂತರು. ತಲೆ ನರೆತಿದ್ದ ಗುಂಡೋಪಂತ ಕಾಗದ ಓದಿ, “ಇನ್ನ ಹಾಜರಿ ಇಲ್ಲ. ನೀವು ಎಲ್ಲಿಗೆ ಬೇಕಾದ್ರೂ ಹೋಗಬಹುದು. ಏಳ್ರಿ” ಅಂದ. ಯಾರೂ ಏಳಲಿಲ್ಲ. ಹೆಸರು ಕೂಗಲಿ ಎಂದು ಕಾಯುತ್ತಿದ್ದರು.

ಎದ್ದವನು ಭರಮಪ್ಪ ಒಬ್ಬನೇ. ಸುತ್ತಿಗೆಯನ್ನು ಬೇರಿನ ಬಳಿ ಇಟ್ಟು ಗುಡಿಸಲೊಳಗೆ ಹೋದ. ಹೆಂಡತಿಯ ಒಂದು ಸೀರೆ ಎಳೆದುಕೊಂಡು ನೆಲದ ಮೇಲೆ ಮಲಗಿದ. ಹುಲಿಗೆವ್ವ ಬಾಗಿಲಲ್ಲಿ ನಿಂತು ನೋಡಿದಳು. ನೆರೆಮನೆಗೆ ಹೋಗಿ ಚೂರು ಇಂಗು, ಚೂರು ಬೆಲ್ಲ ಕೇಳಿದಳು.

“ಯಾರು ಹಡದಾರ?” ಎಂದಳು ನೆರೆಮನೆಯಾಕೆ.

“ನಾನು. ಮಲಗಾಕ ಈಗ ಪುರಸೊತ್ತಾತು ಅವಗ.”

ಮೂರು ದಿನ ಅವನು ಹೊಸ್ತಿಲು ದಾಟಲಿಲ್ಲ. ಪಕ್ಕದಲ್ಲಿ ಒಂದು ಕೂಸು ಹಿಡಿಯುವಷ್ಟು ಜಾಗ ಬಿಟ್ಟು ಮಲಗಿದ್ದನಂತೆ. ಆಚೆ ಬದಿಗೆ ಹುಲಿಗೆವ್ವ.

ಈಗ ಅವರಿಬ್ಬರೂ ಇಲ್ಲ. ನಾನು ಹಳೆಯ ಕಚೇರಿಯ ಹಿಂದಿನ ಮೂಲೆಯಲ್ಲಿ ಮುರಿದ ಬೆಂಚುಗಳ ಅಡಿಯಲ್ಲಿ ಬಿದ್ದಿದ್ದೇನೆ. ಮೈತುಂಬ ತುಕ್ಕು. ಹೊತ್ತದ್ದು, ಕೂಗಿದ್ದು ಎಲ್ಲ ಬೇರೆಯವರ ಅಪ್ಪಣೆಗೆ ಎಂದು ಸಮಾಧಾನ ಹೇಳಿಕೊಳ್ಳುತ್ತೇನೆ, ಸಮಾಧಾನವಾಗುವುದಿಲ್ಲ. ಹೋದ ವರ್ಷ ಚರಿತ್ರೆ ಬರೆಯುವ ಹುಡುಗಿಯೊಬ್ಬಳು ಬಂದು, ಗೆದ್ದಲು ಹಿಡಿದ ಹಾಜರಿ ಪುಸ್ತಕಗಳನ್ನು ಒಂದೊಂದೇ ದೂಳು ಕೊಡವಿ ನೋಡಿದಳು. ಕೂಸಿನ ಹೆಸರು ಅದರಲ್ಲಿ ಇಲ್ಲ, ಹೆಸರಿಡುವಷ್ಟು ದಿನ ಅದು ಬದುಕಲಿಲ್ಲ. ಅದು ಹುಟ್ಟಿದ ದಿನದ ಹಾಳೆ ಮಾತ್ರ ಚೆನ್ನಾಗಿಯೇ ಉಳಿದಿತ್ತು. ಅವಳು ಬೆರಳಿಟ್ಟು ಗಟ್ಟಿಯಾಗಿ ಓದಿದಳು: ಭರಮಪ್ಪ, ಹಾಜರ್.