ಎಚ್ಚರವಿರುವ ಹುಡುಗಿ

ಐರ್ಲೆಂಡಿನಲ್ಲಿ ನರ್ಸ್ ಆಗಿದ್ದೆ. ಕೆಲಸದ ಕರಾರು ಮುಗಿದ ಮೇಲೆ ಮಗಳು ಅಂಜಲಿಯನ್ನು ಕರೆದುಕೊಂಡು ಗಂಡನ ಊರು ಕುಷ್ಟಗಿಗೆ ಬಂದೆ. ಬರಬಾರದಿತ್ತು.

ಅಂಜಲಿಗೆ ಎಡಿಎಚ್‌ಡಿ. ಒಂದು ಕಡೆ ಕೂರಲಾರಳು, ಒಂದು ಸಾಲು ಬರೆದು ಮುಗಿಸಲಾರಳು. ಅಲ್ಲಿನ ಡಾಕ್ಟರು ತಿಂಗಳುಗಟ್ಟಲೆ ಪರೀಕ್ಷೆ ಮಾಡಿ, ಶಾಲೆಯವರನ್ನೂ ಕೇಳಿ ಗುಳಿಗೆ ಬರೆದಿದ್ದರು. ದಿನಾ ಬೆಳಿಗ್ಗೆ ಒಂದು ನುಂಗಿ ಓದುತ್ತಿದ್ದಳು, ಬರೆಯುತ್ತಿದ್ದಳು. ಅಲ್ಲಿ ಅದು ಕನ್ನಡಕ ಹಾಕಿಕೊಂಡಷ್ಟೇ ಸಾದಾ ಸಂಗತಿ.

ತಂದ ಗುಳಿಗೆ ಮುಗಿಯಿತು, ಇಲ್ಲಿನ ಶಾಲೆಯಿಂದ ದೂರುಗಳು ಶುರುವಾದವು. ಕೊಪ್ಪಳದ ಮಕ್ಕಳ ಡಾಕ್ಟರು ಫೈಲು ತೆರೆಯಲೂ ಇಲ್ಲ. “ಸಣ್ಣ ಹುಡುಗಿ, ಓಡ್ಯಾಡ್ತಾಳ. ಆ ದೇಶದವರಿಗೆ ಎಲ್ಲಾದಕ್ಕೂ ಗುಳಿಗಿ ಬೇಕ್ರಿ,” ಎಂದರು. ಹುಬ್ಬಳ್ಳಿಯ ಮನೋವೈದ್ಯರು ಬರೆದುಕೊಟ್ಟರು, ಆದರೆ ಅವತ್ತು ಅಲ್ಲಿ ಗುಳಿಗೆ ಇರಲಿಲ್ಲ. ಆ ಚೀಟಿಯನ್ನು ನಮ್ಮೂರ ಔಷಧ ಅಂಗಡಿಯ ವಿರುಪಣ್ಣನಿಗೆ ತೋರಿಸಿದೆ.

“ಅಕ್ಕಾರ, ಇದು ಹುಚ್ಚರ ಗುಳಿಗಿ. ಇಂಥಾವು ನಾವು ಇಡಂಗಿಲ್ಲ,” ಎಂದು ಬಜಾರಿಗೆಲ್ಲ ಕೇಳುವಂತೆ ಅಂದ.

ನಾನು ಮನೆ ಮುಟ್ಟುವ ಮೊದಲೇ ಮಾತು ಮುಟ್ಟಿತ್ತು. ಅತ್ತೆ ಪಾರ್ವತೆಮ್ಮ ಬಾಗಿಲಲ್ಲೇ ನಿಂತಿದ್ದರು.

“ನಮ್ಮ ಮನಿತನದಾಗ ಹುಚ್ಚರು ಯಾರೂ ಇಲ್ಲ. ನಾಳೆ ಇಕೀನ್ನ ಯಾರು ಮಾಡ್ಕೋತಾರ?”

“ಇನ್ನೊಂದು ಕಂಪ್ಲೇಂಟ್ ಬಂದ್ರ ಸಾಲಿಯಿಂದ ತಗೀತಾರ ಅತ್ತಿ. ಮೊದಲು ಅದನ್ನ ನೋಡ್ರಿ.”

ಗಂಡ ಟಿವಿಯಿಂದ ಕಣ್ಣು ಕೀಳದೆ, “ಅವ್ವ ಅಂದಂಗ ಮಾಡು,” ಅಂದ. ಅವನ ಮೇಲಿನ ಆ ಸಿಟ್ಟು ಇನ್ನೂ ಆರಿಲ್ಲ.

ನಾನು ನಸುಕಿನ ಬಸ್ಸಿಗೇ ಕೊಪ್ಪಳದ ನರ್ಸಿಂಗ್ ಹೋಮಿಗೆ ಕೆಲಸಕ್ಕೆ ಹೋಗುತ್ತಿದ್ದೆ. ಮಗಳನ್ನು ಶಾಲೆಗೆ ತಯಾರು ಮಾಡುತ್ತಿದ್ದವರು ಅತ್ತೆ. ಇದ್ದಕ್ಕಿದ್ದಂತೆ ಶಾಲೆಯ ದೂರುಗಳು ನಿಂತವು. ನನಗೆ ಸಂತೋಷವಾಯಿತು, ಗುಳಿಗೆಗಾಗಿ ಮತ್ತೆ ಹುಬ್ಬಳ್ಳಿಗೆ ಹೋಗುವುದನ್ನು ಮುಂದೂಡಿದೆ, ದಡ್ಡಿ ನಾನು. ನನಗೆ ರಜೆಯಿದ್ದ ಒಂದು ದಿನ ಬೆಳಿಗ್ಗೆ ಅತ್ತೆ ಮಗಳ ಬಾಯಿಗೆ ಸಿರಪ್ ಹಾಕುವುದು ಕಂಡಿತು. ನೆಗಡಿಯ ಔಷಧ, ಕುಡಿದರೆ ನಿದ್ದೆ ಬರುವಂಥದ್ದು. ಅವಳಿಗೆ ನೆಗಡಿಯೇ ಇರಲಿಲ್ಲ.

“ವಿರುಪಣ್ಣ ಕೊಟ್ಟಾನ. ದಿನಾ ಮುಂಜಾನಿ ಎರಡು ಮುಚ್ಚಳ,” ಎಂದರು ಅತ್ತೆ, ಮುಚ್ಚುಮರೆಯಿಲ್ಲದೆ. “ಊರಾಗ ಎಲ್ಲಾರೂ ಹಾಕ್ತಾರ. ಇದಕ್ಕ ಚೀಟಿ ಯಾಕ?”

ಬಾಟಲಿಯನ್ನು ಬಚ್ಚಲಿಗೆ ಸುರಿದೆ. ಅವತ್ತೇ ಹುಬ್ಬಳ್ಳಿಗೆ ಹೋಗಿ ಗುಳಿಗೆ ತಂದೆ, ಬಸ್ಸಿಗೆ ಹೊರಡುವ ಮೊದಲು ನಾನೇ ನುಂಗಿಸತೊಡಗಿದೆ. ಅದೇ ವಾರದಲ್ಲಿ ಅಂಜಲಿ ಪುಟ ತುಂಬ ಬರೆದಳು, ಶಾಲೆಯಲ್ಲಿ ಕೈಯೆತ್ತಿ ಪ್ರಶ್ನೆ ಕೇಳಿದಳು. ಮುಖ್ಯೋಪಾಧ್ಯಾಯಿನಿ ನನ್ನನ್ನು ಕರೆಸಿದರು. ನಡೆದದ್ದನ್ನೆಲ್ಲ ಹೇಳಿದೆ.

“ಸಿರಪ್ಪಿನಾಗ ಭಾಳ ಶಾಣ್ಯಾ ಇದ್ಳು. ಕುಂದರಿಸಿದಲ್ಲೇ ಕುಂದರ್ತಿದ್ಳು, ಒಂದು ಮಾತಿಲ್ಲ,” ಎಂದರು ಅವರು. “ಹುಚ್ಚಿನ ಗುಳಿಗಿ ತಿನ್ನೋ ಮಕ್ಕಳನ್ನ ಇಟ್ಕೊಂಡ್ರ ಉಳಿದ ತಾಯಿ-ತಂದಿ ಸುಮ್ಮನಿರಂಗಿಲ್ರಿ. ಸಿರಪ್ ಹಾಕಿ ಕಳಸ್ರಿ, ಇಲ್ಲಂದ್ರ ಟಿಸಿ ಒಯ್ರಿ.”

ಕುರ್ಚಿ ಎಳೆದುಕೊಂಡು ಅವರೆದುರೇ ಕೂತೆ.

“ಟಿಸಿನ ಬರೀರಿ,” ಅಂದೆ. “ಸಾಲಿ ಬಿಡಾಕ ಕಾರಣ ಅಂತ ಇರ್ತದಲ್ರಿ, ಅಲ್ಲಿ ಹುಡುಗಿ ಎಚ್ಚರ ಅದಾಳ ಅಂತ ಬರೀರಿ.”