ಸೂಜಿಯ ಮೊನೆ ಮತ್ತು ಟೆಸ್ಟ್ ಎಂಬ ನಾನು

ನಾನು ಒಂದು ಪದ. ಹೆಸರು ಟೆಸ್ಟ್. ನನ್ನನ್ನು ಕಂಡರೆ ನೀವು ಹೆದರುತ್ತೀರಿ. ನಿಮ್ಮನ್ನು ಕಂಡರೆ ನನಗೂ ಹೆದರಿಕೆ ಎಂಬುದು ಯಾರಿಗೂ ಗೊತ್ತಿಲ್ಲ.

ಲ್ಯಾಟಿನ್ ಭಾಷೆಯಲ್ಲಿ ನಾನು ಬರೀ ಮಣ್ಣಿನ ಮಡಕೆ. ಫ್ರೆಂಚರ ಬಾಯಿ ದಾಟಿ ಇಂಗ್ಲಿಷಿಗೆ ಹೋದೆ. ಅಲ್ಲಿ ಚಿನ್ನ ಬೆಳ್ಳಿ ಕರಗಿಸಿ ನೋಡುವ ಚಿಕ್ಕ ಬಟ್ಟಲಿಗೆ ನನ್ನ ಹೆಸರಿಟ್ಟರು. ಕೆಳಗೆ ಬೆಂಕಿ, ಮೇಲೆ ಬಗ್ಗಿ ನೋಡುವ ಮುಖಗಳು. ಕಲಬೆರಕೆ ಬಯಲಾದರೆ ಯಾರದೋ ಮುಖ ಬಾಡುತ್ತಿತ್ತು. ಕಾಲ ಕಳೆದು ಬಟ್ಟಲು ಮರೆತುಹೋಯಿತು, ಪರೀಕ್ಷೆ ಎಂಬ ಅರ್ಥ ಉಳಿಯಿತು. ನಾಮಪದವಾಗಿದ್ದ ನನ್ನನ್ನು ಕ್ರಿಯಾಪದವಾಗಿಯೂ ದುಡಿಸಿದರು. ನಡೆಯುತ್ತಿದ್ದರೆ ಟೆಸ್ಟಿಂಗ್, ಮುಗಿದರೆ ಟೆಸ್ಟೆಡ್. ಕನ್ನಡಕ್ಕೆ ಬಂದ ಮೇಲೆ ಆ ಬಾಲಗಳು ಹೆಚ್ಚುಕಡಿಮೆ ಉದುರಿದವು. ಇಲ್ಲಿ ‘ಮಾಡು’, ‘ಕೊಡು’ಗಳ ಕೈ ಹಿಡಿದು ನಡೆಯುತ್ತೇನೆ.

ಹೋದ ಶ್ರಾವಣದಲ್ಲಿ ಮದ್ದೂರಿನ ಹತ್ತಿರದ ಒಂದು ಗಾರ್ಮೆಂಟ್ಸಿಗೆ ಇಂದ್ರಾಣಿ ಎಂಬ ಹುಡುಗಿ ಹೊಲಿಗೆ ಕೆಲಸದ ಟೆಸ್ಟ್ ಕೊಡಲು ಬಂದಳು. ಏಳನೇ ಕ್ಲಾಸಿನಲ್ಲಿ ನನಗೆ ಹೆದರಿಯೇ ಶಾಲೆ ಬಿಟ್ಟವಳು. ಇಲ್ಲಿ ಆಗದಿದ್ದರೆ ಮತ್ತೆ ಇಟ್ಟಿಗೆ ಗೂಡಿನ ಕೆಲಸವೇ ಗತಿ.

“ಮಗೀನ ಫ್ರಾಕಿಗೆ ತೋಳು ಕೂರ್ಸು. ಹತ್ತು ನಿಮಿಷ,” ಎಂದರು ಸೂಪರ್‌ವೈಸರ್ ಜಯಶೀಲಮ್ಮ. “ಹೆದ್ರಬ್ಯಾಡ ಕಣಮ್ಮ. ಮಿಷನ್ನು ಕಚ್ಚಾಕಿಲ್ಲ.”

ಎರಡನೇ ತೋಳಿನಲ್ಲಿ ಟಕ್ಕೆಂದು ಸೂಜಿ ಮುರಿಯಿತು.

ಮುರಿದ ಚೂರುಗಳನ್ನೆಲ್ಲ ಜೋಡಿಸಿ ತೋರಿಸಿದರೇ ಅಲ್ಲಿ ಹೊಸ ಸೂಜಿ ಕೊಡುವುದು. ಎರಡು ಚೂರು ಸಿಕ್ಕವು. ಮೊನೆ ಸಿಗಲಿಲ್ಲ.

ಪಕ್ಕದ ಮಿಷನ್ನಿನ ಹೆಂಗಸು ಪಿಸುಗುಟ್ಟಿದಳು: “ನನ್ ಹತ್ರ ಹಳೇ ಮೊನೆ ಒಂದೈತೆ, ಅದ್ನೇ ತೋರ್ಸವ್ವ. ಟೈಮ್ ಆಯ್ತಾ ಅದೆ.”

ಇಂದ್ರಾಣಿ ಕೈ ಚಾಚಿದಳು. ಬೆಂಕಿಯ ಮೇಲೆ ಕೂತಾಗಲೂ ನಾನು ಅಷ್ಟು ಹೆದರಿರಲಿಲ್ಲ. ಮೊನೆ ಆ ಫ್ರಾಕಿನಲ್ಲೇ ಇದ್ದರೆ? ಯಾವುದೋ ಮಗು ಅದನ್ನು ತೊಡುತ್ತದೆ.

ಅವಳು ಫ್ರಾಕನ್ನೊಮ್ಮೆ ನೋಡಿದಳು. ಕೈ ಹಿಂದಕ್ಕೆ ಬಂತು. “ಬ್ಯಾಡ ಕಣಕ್ಕ.” ಎದ್ದು ನಿಂತಳು. “ಮೇಡಂ... ಮೊನೆ ಸಿಕ್ತಿಲ್ಲ.”

ಹೊಲಿದ ಎರಡೂ ತೋಳುಗಳನ್ನು ಅವಳೇ ಬಿಚ್ಚಿದಳು. ಹತ್ತು ನಿಮಿಷ ಮುಗಿದೇಹೋಯಿತು. ಕೊನೆಗೆ ಕಂಕುಳ ಹೊಲಿಗೆಯ ಮಡಿಕೆಯೊಳಗೆ ಎಳ್ಳಿನಷ್ಟು ಮೊನೆ ಸಿಕ್ಕಿತು.

“ತೋಳೆಲ್ಲಿ?” ಜಯಶೀಲಮ್ಮ ಕೇಳಿದರು.

“ಬಿಚ್ಬುಟ್ಟೆ ಮೇಡಂ.” ಅವಳ ಕಣ್ಣು ನೆಲದ ಮೇಲಿತ್ತು.

ಜಯಶೀಲಮ್ಮ ಮೂರು ಚೂರು ಜೋಡಿಸಿ ನೋಡಿದರು. “ತೋಳು ಕೂರ್ಸೋದು ನಾನು ಕಲಿಸ್ತೀನಿ. ನಾಳೆ ಎಂಟೂವರೆಗೆ ಕೆಲ್ಸಕ್ಕೆ ಬಾ.”

ಈಗ ನಾನು, ಮುರಿದ ಸೂಜಿಗಳ ಲೆಕ್ಕ ಬರೆಯುವ ಅವರ ಪುಸ್ತಕದ ಒಂದು ಹಾಳೆಯಲ್ಲಿದ್ದೇನೆ. ಯಾವಾಗ ಮುರಿಯಿತು ಎಂದು ಬರೆಯುವ ಕಡೆ ನನ್ನ ಹೆಸರು. ಪಕ್ಕದಲ್ಲಿ, ಟೇಪಿನಡಿ, ಆ ಮೂರು ಚೂರುಗಳು. ಇಷ್ಟು ವಯಸ್ಸಾದರೂ ನನ್ನ ಹೆದರಿಕೆ ಹೋಗಿಲ್ಲ. ನಾಳೆ ಇನ್ನೊಬ್ಬ ಹುಡುಗಿ ಟೆಸ್ಟ್ ಕೊಡಲು ಬರುತ್ತಾಳಂತೆ. ಅವಳ ಕೈ ಎತ್ತ ಚಾಚುವುದೋ ಎಂದು ನನಗೆ ಈಗಲೇ ನಡುಕ.