ಕಡತದಲ್ಲಿ ಕಡಿದ ಮರ

ಮರ ಕಡಿದಾಗಿದೆ ಎಂದು ಕಡತ ಹೇಳುತ್ತಿತ್ತು. ನಕ್ಷೆಗಾರ್ತಿ ಕಚೇರಿಯ ಕಿಟಕಿಯಿಂದ ನೋಡಿದರೆ ಅದೇ ಮರ ರನ್‌ವೇಯ ತುದಿಯಾಚೆ, ಗುಡ್ಡದ ಮೇಲೆ, ಗುಂಡುಕಲ್ಲಿನ ಹಾಗೆ ನಿಂತಿತ್ತು.

ಮಂಜು ಕವಿದು ಕಣ್ಣು ಕಾಣದಾಗ ಪೈಲಟ್ ಉಪಕರಣಗಳನ್ನೇ ನಂಬಿ ಎಷ್ಟು ಎತ್ತರದವರೆಗೆ ಇಳಿಯಬಹುದು ಎಂದು ಲೆಕ್ಕ ಹಾಕಿ, ಇಳಿಯುವ ದಾರಿಯ ನಕ್ಷೆಯನ್ನು ಆಗಾಗ ಹೊಸದು ಮಾಡುವುದು ಅವಳ ಕೆಲಸ. ದಾರಿಯಲ್ಲಿ ಮರ ಬೆಳೆದರೆ ಆ ಎತ್ತರದ ಅಂಕಿಯೂ ಏರಬೇಕು. ಏರಿದರೆ ಮಂಜಿನ ದಿನ ನಾಲ್ಕು ವಿಮಾನ ಇಲ್ಲಿಳಿಯದೆ ಬೇರೆ ಊರಿಗೆ ಹೋಗುತ್ತವೆ, ಮೇಲಿನವರ ಮುಂದೆ ಮುಖ್ಯಸ್ಥರ ಮುಖ ಸಣ್ಣದಾಗುತ್ತದೆ. ಇಷ್ಟೇ ವಿಷಯ!

"ಕಡಿಯೋಕೆ ಆದೇಶ ಆಗಿದೆಯಮ್ಮ. ಆದೇಶ ಆದ್ಮೇಲೆ ಕಡಿದ ಹಾಗೇ ಲೆಕ್ಕ," ಎಂದರು ಮುಖ್ಯಸ್ಥರು.

"ಮರಕ್ಕೆ ಆದೇಶ ಓದೋಕೆ ಬರುತ್ತಾ ಸಾರ್?"

ಅವಳು ಅಂಕಿ ಏರಿಸಿಯೇ ಹಾಳೆ ಕೊಟ್ಟಳು. ಮಧ್ಯಾಹ್ನ ಅದು ಹಳೆಯ ಅಂಕಿ ಹೊತ್ತು, ಅವಳ ಸಹಿಗೆಂದು ವಾಪಸ್ ಬಂತು. ತಾಳೆ ನೋಡಿದವರ ಸಹಿ ಆಗಲೇ ಬಿದ್ದಿತ್ತು. ಅದು ಅವಳ ಗಂಡನದು.

ತಾಳೆ ನೋಡುವುದೆಂದರೆ ಮೊದಲನೆಯವರ ಅಂಕಿ ನೋಡದೆ ಎರಡನೆಯವರು ಬುಡದಿಂದ ಲೆಕ್ಕ ಹಾಕಬೇಕು, ಆಮೇಲೆ ಸಹಿ. ಗಂಡ ಅವತ್ತು ಲೆಕ್ಕಕ್ಕೇ ಕೂತಿರಲಿಲ್ಲ. ಎದುರು ಮೇಜಿನಲ್ಲೇ ಕೂರುವ ಅವಳಿಗೆ ಅಷ್ಟೂ ಗೊತ್ತಾಗುವುದಿಲ್ಲವೇ?

ಅವಳು ಜಗಳ ಆಡಲಿಲ್ಲ. ಹಾಳೆಯನ್ನೂ ಎತ್ತರ ಅಳೆಯುವ ಯಂತ್ರವನ್ನೂ ಚೀಲಕ್ಕೆ ಹಾಕಿ, "ಬನ್ನಿ, ಗುಡ್ಡಕ್ಕೆ ಹೋಗಿ ಬರೋಣ" ಎಂದಳು. ಅವನು ಗೊಣಗುತ್ತಲೇ ಹತ್ತಿದ. ಕಡಿಯುವ ಆದೇಶವನ್ನು ಕಾಂಡಕ್ಕೇ ಮೊಳೆ ಹೊಡೆದು ತಗುಲಿಸಿದ್ದರು, ಅದರ ಮೇಲೆ ಇರುವೆ ಸಾಲು ಹೊರಟಿತ್ತು. ಯಂತ್ರವನ್ನು ಅವನ ಕೈಗೇ ಕೊಟ್ಟಳು.

"ಎಷ್ಟು?"

"ಇಪ್ಪತ್ತೊಂಬತ್ತು ಮೀಟರ್." ಹಳೆಯ ಲೆಕ್ಕದಲ್ಲಿದ್ದದ್ದು ಹದಿನೆಂಟು. ಅವನು ಯಂತ್ರ ವಾಪಸ್ ಕೊಟ್ಟ. "ಏನೂ ಆಗಲ್ಲ ಕಣೇ. ಮರಕ್ಕೂ ವಿಮಾನಕ್ಕೂ ನಡುವೆ ಬೇಕಾದಷ್ಟು ಜಾಗ ಬಿಟ್ಟಿರ್ತೀವಲ್ಲ. ಗಾಳಿಗೆ ಗುದ್ದಿ ಯಾಕೆ ಮೈ ನೋಯಿಸ್ಕೋತೀಯಾ?"

ಅವಳ ಮೈಯೆಲ್ಲ ಉರಿದುಹೋಯಿತು. "ಆ ಜಾಗ ಪೈಲಟ್ ಕೈತಪ್ಪಿಗೆ ಬಿಟ್ಟಿದ್ದು ರೀ, ನಮ್ಮ ಸುಳ್ಳಿಗಲ್ಲ!"

ಬಂಡೆಯ ಮೇಲೆ ಹಾಳೆ ಹರಡಿ, ಅವನ ಸಹಿಯ ಕೆಳಗೇ ಬರೆದಳು: "ಮರ ನಿಂತಿದೆ. ಇಂದು ಅಳೆದದ್ದು ಇಪ್ಪತ್ತೊಂಬತ್ತು ಮೀಟರ್. ಅಳೆದವರು, ಮೇಲೆ ಸಹಿ ಹಾಕಿದವರೇ."

ಓದಿದವನ ಮುಖ ಕಪ್ಪಿಟ್ಟಿತು. "ಇದು ಮೇಲಿನ ಕಚೇರಿಗೆ ಹೋದ್ರೆ ನನ್ನ ಕೆಲಸ ಹೋಗುತ್ತೆ."

"ನಿಮ್ಮ ಸಹಿ ನೀವೇ ಹೊಡೆದುಹಾಕಿ, ಹೊಸದಾಗಿ ಲೆಕ್ಕ ಹಾಕಿ. ಆಗ ಇದನ್ನ ನಾನೇ ಹರಿದುಹಾಕ್ತೀನಿ." ಅವಳು ಪೆನ್ನು ಚಾಚಿ ಕಾದಳು. ಅವನ ಕೈ ಜೇಬಿನಿಂದ ಹೊರಗೆ ಬರಲೇ ಇಲ್ಲ.

"ಹೆಂಡ್ತಿ ಅಂತ ನಂಬಿ ನಿನ್ನ ಹಿಂದೆ ಬಂದೆ," ಎಂದ.

"ತಾಳೆ ನೋಡ್ತೀರಿ ಅಂತ ನಾನೂ ನಂಬಿದ್ದೆ," ಎಂದು ಅವಳು ಹಾಳೆ ಮಡಚಿಕೊಂಡು ಒಬ್ಬಳೇ ಗುಡ್ಡ ಇಳಿದಳು.